ವಕೀಲಿ ಕೆಲಸಕ್ಕೆ ಎಐ ಪ್ರಾಂಪ್ಟ್: ತಾಳೆ ನೋಡಲು ಬರುವಂಥ ಉತ್ತರ ಪಡೆಯುವುದು ಹೇಗೆ

ಒಂದು ಕರಾರನ್ನು ಅಪ್‌ಲೋಡ್ ಮಾಡಿ "ಇದನ್ನು ರದ್ದು ಮಾಡಬಹುದಾ?" ಎಂದು ಕೇಳಿ. ಕೆಲವೇ ಸೆಕೆಂಡಿನಲ್ಲಿ ಎಐ ಉತ್ತರ ಕೊಡುತ್ತದೆ. ಭಾಷೆ ಚೆನ್ನಾಗಿರುತ್ತದೆ, ಧಾಟಿ ಗಟ್ಟಿಯಾಗಿರುತ್ತದೆ. ತೊಂದರೆ ಏನೆಂದರೆ, ಉತ್ತರ ಸರಿ ಇದ್ದರೂ ಅದೇ ಧಾಟಿ, ತಪ್ಪಿದ್ದರೂ ಅದೇ ಧಾಟಿ. ಯಾವುದು ಎಂದು ತಿಳಿಯಲು ನೀವು ಇಡೀ ಕರಾರನ್ನು ಮತ್ತೆ ಓದಬೇಕು. ಹಾಗಾದರೆ ಸಮಯ ಉಳಿತಾಯ ಆಗಿದ್ದೆಲ್ಲಿ?

ಅದಕ್ಕೇ ನಾನು ಪ್ರಾಂಪ್ಟನ್ನು, ಅಂದರೆ ಎಐಗೆ ಬರೆದು ಕೊಡುವ ಪ್ರಶ್ನೆ ಅಥವಾ ಸೂಚನೆಯನ್ನು, ಅಳೆಯುವುದು ಒಂದೇ ಮಾತಿನಿಂದ: ಬಂದ ಉತ್ತರವನ್ನು ಬೇಗ ತಾಳೆ ನೋಡಲು ಆಗುತ್ತದಾ? ಆಗುವುದಾದರೆ ಪ್ರಾಂಪ್ಟ್ ಒಳ್ಳೆಯದು. ಕೆಳಗಿನ ಹಂತಗಳೆಲ್ಲ ಇದಕ್ಕಾಗಿಯೇ.

ಹಂತ 1: ನೆನಪಿನಿಂದ ಹೇಳಿಸಬೇಡಿ, ಕಾಗದ ಕೊಟ್ಟು ಓದಿಸಿ

ಚಾಟ್‌ಜಿಪಿಟಿ, ಕ್ಲಾಡ್, ಜೆಮಿನಿ ಥರದ ಎಐ ಮಾಡೆಲ್‌ಗಳ ಒಳಗೆ ಕಾನೂನು ಪುಸ್ತಕಗಳ ಕಪಾಟು ಇಲ್ಲ. ಮುಂದೆ ಯಾವ ಪದ ಬರಬಹುದು ಎಂದು ಅಂದಾಜಿಸುತ್ತಾ ಅವು ವಾಕ್ಯ ಕಟ್ಟುತ್ತವೆ. ತೀರ್ಪಿನ ಸೈಟೇಶನ್‌ಗೆ, ಅಂದರೆ ಅದು ಎಲ್ಲಿದೆ ಎಂದು ತೋರಿಸುವ ಉಲ್ಲೇಖಕ್ಕೆ, ಒಂದು ಅಚ್ಚು ಇದೆಯಲ್ವಾ: ಇಬ್ಬರ ಹೆಸರು, ವರ್ಷ, ಸಂಪುಟ, ಪುಟ. ಆ ಅಚ್ಚಿಗೆ ಹೊಂದುವ ಹೆಸರು, ಅಂಕಿ ತುಂಬುವುದು ಮಾಡೆಲ್‌ಗೆ ನೀರು ಕುಡಿದಷ್ಟು ಸಲೀಸು. ಅಂಥ ಕೇಸು ನಿಜಕ್ಕೂ ನಡೆದಿತ್ತಾ ಎನ್ನುವುದು ಬೇರೆ ಪ್ರಶ್ನೆ.

2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ಬಂದ ಮಾಟಾ ವರ್ಸಸ್ ಏವಿಯಾಂಕಾ ಕೇಸಿನ ಕಥೆ ನೀವು ಕೇಳಿರಬಹುದು. ವಿಮಾನದಲ್ಲಿ ಲೋಹದ ತಳ್ಳುಗಾಡಿ ಮೊಣಕಾಲಿಗೆ ತಾಗಿ ಗಾಯವಾಯಿತು ಎಂಬ ದಾವೆ. ವಕೀಲರು ಸಲ್ಲಿಸಿದ ಬರಹದಲ್ಲಿ ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲೂ ಇಲ್ಲದ ತೀರ್ಪುಗಳಿದ್ದವು. 5,000 ಡಾಲರ್ ದಂಡ ಬಿತ್ತು. ದಂಡದ ಸುದ್ದಿ ಎಲ್ಲ ಕಡೆ ಓಡಾಡಿತು. ಆದರೆ ನಾವು ನೋಡಬೇಕಾದ್ದು ಇನ್ನೊಂದಿದೆ. ಅನುಮಾನ ಬಂದಾಗ ಅವರು "ಇದು ನಿಜವಾದ ಕೇಸಾ?" ಎಂದು ಚಾಟ್‌ಜಿಪಿಟಿಯನ್ನೇ ಕೇಳಿದ್ದರು. ಅದು ಹೌದು ಎಂದಿತ್ತು. ಅಂದರೆ "ಖಚಿತವಾಗಿ ಹೇಳು", "ಸುಳ್ಳು ಸೈಟೇಶನ್ ಕೊಡಬೇಡ" ಎಂದು ಪ್ರಾಂಪ್ಟಿನಲ್ಲಿ ಬರೆದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. ಅದು ಅಂದಾಜಿಸುವ ರೀತಿ ಬದಲಾಗುವುದಿಲ್ಲ, ಮಾತಿನ ಧಾಟಿ ಮಾತ್ರ ಬದಲಾಗುತ್ತದೆ.

ಕಾನೂನು ಡೇಟಾಬೇಸ್‌ಗೆ ಜೋಡಿಸಿದ ಎಐ ಸಾಧನಗಳು ಇದಕ್ಕಿಂತ ಎಷ್ಟೋ ಮೇಲು. ಆದರೂ ಸ್ಟ್ಯಾನ್‌ಫೋರ್ಡ್ ಸಂಶೋಧಕರು 2024ರಲ್ಲಿ ಪರೀಕ್ಷಿಸಿದಾಗ ಅಂಥವೂ ಸುಮಾರು ಆರು ಪ್ರಶ್ನೆಗೆ ಒಂದರಲ್ಲಿ, ಕೆಲವು ಇನ್ನೂ ಜಾಸ್ತಿ, ಎಡವಿದವು. ಅಲ್ಲಿನ ತಪ್ಪು ಹೆಚ್ಚು ನಾಜೂಕಿನದು. ತೀರ್ಪು ನಿಜವಾದದ್ದೇ ಇರುತ್ತದೆ. ಎಐ ಹೇಳಿದ ಮಾತು ಮಾತ್ರ ಅದರೊಳಗೆ ಇರುವುದಿಲ್ಲ.

ಹಾಗಾಗಿ ಕೆಲಸ ಆರಿಸುವಾಗಲೇ ಅರ್ಧ ಪ್ರಾಂಪ್ಟ್ ಬರೆದಂತೆ. ನೀವು ಕೊಟ್ಟ ಕಾಗದದಿಂದ ಹುಡುಕಿ ಕೊಡುವುದು, ಎರಡು ಡ್ರಾಫ್ಟು ಹೋಲಿಸುವುದು, ತಾರೀಖಿನ ಪಟ್ಟಿ ಮಾಡುವುದು, ಸಾಕ್ಷಿಯ ಎರಡು ಹೇಳಿಕೆಗಳ ನಡುವಿನ ವ್ಯತ್ಯಾಸ ತೋರಿಸುವುದು, ಇವೆಲ್ಲ ಧಾರಾಳವಾಗಿ ಕೊಡಬಹುದು. "ಈ ವಿಷಯದ ಮೇಲೆ ತೀರ್ಪುಗಳನ್ನು ಹೇಳು" ಎಂದು ಖಾಲಿ ಚಾಟ್ ಪೆಟ್ಟಿಗೆಯಲ್ಲಿ ಕೇಳಬೇಡಿ. ತೀರ್ಪನ್ನು ನೀವೇ ಹುಡುಕಿ, ಪೂರ್ತಿ ಪಠ್ಯ ಅದಕ್ಕೆ ಕೊಟ್ಟು, ಆಮೇಲೆ ಪ್ರಶ್ನೆ ಕೇಳಿ.

ಹಂತ 2: ಅಂಟಿಸುವ ಮೊದಲು ಹೆಸರು ತೆಗೆಯಿರಿ

ಇದು ಸಣ್ಣ ಹಂತ, ಆದರೆ ಬಿಟ್ಟರೆ ದೊಡ್ಡ ಪೆಟ್ಟು. ಕಕ್ಷಿದಾರರು ನಂಬಿ ಹೇಳಿದ್ದನ್ನು ಯಾವುದೋ ಸರ್ವರ್‌ಗೆ ಕಳಿಸುತ್ತಿದ್ದೀರಿ ಎಂಬ ನೆನಪಿರಲಿ. ಸಾರ್ವಜನಿಕ ಚಾಟ್‌ಬಾಟ್‌ನಲ್ಲಿ ನಿಮ್ಮ ಮಾತುಕತೆಯನ್ನು ಮಾಡೆಲ್ ತರಬೇತಿಗೆ ಬಳಸುವ ಸೆಟ್ಟಿಂಗ್ ಚಾಲೂ ಇದೆಯಾ, ಮೊದಲು ನೋಡಿ. ಅಮೆರಿಕದ ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ 2024ರ ಜುಲೈನಲ್ಲಿ ಕೊಟ್ಟ 512ನೇ ಅಭಿಪ್ರಾಯದಲ್ಲಿ ಇದನ್ನು ಬಿಡಿಸಿ ಹೇಳಿದೆ: ಹಾಕಿದ ಮಾಹಿತಿಯಿಂದ ಕಲಿಯುವ ಎಐಗೆ ಕಕ್ಷಿದಾರರ ಗುಟ್ಟು ಕೊಡುವುದಾದರೆ, ವಿಷಯ ತಿಳಿಸಿ ಅವರ ಒಪ್ಪಿಗೆ ಪಡೆಯಬೇಕು. ಎಲ್ಲೋ ಒಂದು ಮೂಲೆಯಲ್ಲಿ ಅಚ್ಚು ಹಾಕಿಸಿದ ಸಾಮಾನ್ಯ ಒಪ್ಪಿಗೆ ಸಾಲದು.

ಹೆಸರುಗಳ ಜಾಗದಲ್ಲಿ 'ಅ', 'ಬ', 'ಸಾಕ್ಷಿ 1' ಎಂದು ಹಾಕಿ. ವಿಳಾಸ, ಖಾತೆ ನಂಬರ್, ಫೋನ್ ನಂಬರ್ ತೆಗೆಯಿರಿ. ಯಾರು ಯಾರೆಂಬ ಪಟ್ಟಿ ನಿಮ್ಮ ಕಂಪ್ಯೂಟರಿನಲ್ಲೇ ಇರಲಿ. ಹೆಸರು ತೆಗೆದರೂ ಸಂಗತಿಯಿಂದಲೇ ಯಾರೆಂದು ಗೊತ್ತಾಗುವ ಕೇಸುಗಳಿರುತ್ತವೆ. ಅಂಥದ್ದನ್ನು ಕೊಡಲೇಬೇಡಿ.

ಹಂತ 3: ಪ್ರಾಂಪ್ಟ್ ಕಟ್ಟುವುದು

ಒಂದು ಮಾದರಿ ಹಿಡಿದು ನೋಡೋಣ. ಸೇವೆ ಒದಗಿಸುವ ಒಂದು ಕರಾರು ಇದೆ ಎಂದುಕೊಳ್ಳಿ. ಷರತ್ತು 9.2 ಪ್ರಕಾರ ಯಾವುದೇ ಪಕ್ಷ 60 ದಿನಗಳ ಲಿಖಿತ ನೋಟಿಸ್ ಕೊಟ್ಟು ಹೊರಬರಬಹುದು. ಷರತ್ತು 14.1ರಲ್ಲಿ ಇನ್ನೊಂದು ದಾರಿ ಇದೆ: ಗಂಭೀರ ಉಲ್ಲಂಘನೆ ಆದರೆ, ಸರಿಪಡಿಸಲು 15 ದಿನ ಕೊಟ್ಟು, ಆಮೇಲೆ ರದ್ದು ಮಾಡಬಹುದು. ಷರತ್ತು 21 ಇಮೇಲ್ ಅನ್ನು ನೋಟಿಸ್ ಎಂದು ಒಪ್ಪುವುದಿಲ್ಲ. ಇನ್ನು ಕೊನೆಯ ಪುಟಗಳಲ್ಲಿ, ಅನುಬಂಧ 2ರಲ್ಲಿ, ಒಂದು ಸಾಲು: ಮೊದಲ 12 ತಿಂಗಳು ಷರತ್ತು 9.2 ಅನ್ವಯಿಸುವುದಿಲ್ಲ. ಕರಾರಿಗೆ ಸಹಿ ಬಿದ್ದು 7 ತಿಂಗಳಾಗಿದೆ.

"ರದ್ದು ಮಾಡಬಹುದಾ?" ಎಂದು ಸುಮ್ನೆ ಕೇಳಿದರೆ ಬರುವ ಸಾಧ್ಯತೆ ಇರುವ ಉತ್ತರ: "ಹೌದು, 60 ದಿನಗಳ ನೋಟಿಸ್ ಕೊಟ್ಟು ರದ್ದು ಮಾಡಬಹುದು." ಪ್ರಶ್ನೆಗೆ ನೇರ ಹೊಂದುವ ಷರತ್ತು ಸಿಕ್ಕಿತು, ಅದು ಅಲ್ಲಿಗೇ ನಿಂತಿತು. ಆ ಸಲಹೆಯಂತೆ ನೋಟಿಸ್ ಹೋದರೆ ಎದುರುದಾರರು ಅನುಬಂಧ 2 ತೆಗೆದು ತೋರಿಸುತ್ತಾರೆ.

ಅದನ್ನೇ ಹೀಗೆ ಕೇಳಿ:

> ನಾನು ಸೇವೆ ಪಡೆಯುವ ಪಕ್ಷವಾದ 'ಅ' ಪರ ವಕೀಲ. 'ಬ' ಕೆಲಸವನ್ನು ಮೂರು ಸಲ ತಡ ಮಾಡಿದೆ. ಕರಾರಿಗೆ ಸಹಿ ಬಿದ್ದು 7 ತಿಂಗಳಾಗಿದೆ. 'ಅ' ಇದರಿಂದ ಹೊರಬರಲು ಬಯಸುತ್ತಿದೆ. ಜೊತೆಗಿರುವ ಕರಾರನ್ನು ಅನುಬಂಧಗಳ ಸಮೇತ ಓದು.
>
> ಒಂದು: ರದ್ದತಿ, ನೋಟಿಸ್, ಉಲ್ಲಂಘನೆ, ಅವಧಿಗೆ ಸಂಬಂಧಪಟ್ಟ ಪ್ರತಿ ಷರತ್ತನ್ನೂ ಪಟ್ಟಿ ಮಾಡು. ಷರತ್ತಿನ ಸಂಖ್ಯೆ, ಪುಟ, ಮೂಲ ವಾಕ್ಯ ಇದ್ದ ಹಾಗೇ ಕೊಡು.
>
> ಎರಡು: ಒಂದು ಷರತ್ತು ಇನ್ನೊಂದನ್ನು ತಡೆದರೆ, ಬದಲಿಸಿದರೆ, ಅದಕ್ಕೆ ವಿರುದ್ಧ ಇದ್ದರೆ ಆ ಜೋಡಿಯನ್ನು ತೋರಿಸು.
>
> ಮೂರು: ಇಷ್ಟಾದ ಮೇಲೆ, 'ಅ' ಮುಂದಿರುವ ದಾರಿಗಳನ್ನು ಹೇಳು. ಪ್ರತಿ ದಾರಿಗೆ ಯಾವ ಸಂಗತಿ ಸಾಬೀತಾಗಬೇಕು ಎಂದು ಬರೆ. ಪ್ರತಿ ಮಾತಿನ ಕೊನೆಗೆ ಷರತ್ತಿನ ಸಂಖ್ಯೆ ಹಾಕು.
>
> ನಾಲ್ಕು: ಕರಾರಿನಲ್ಲಿ ಉತ್ತರ ಇಲ್ಲದಿದ್ದರೆ 'ಕರಾರಿನಲ್ಲಿ ಇಲ್ಲ' ಎಂದು ಬರೆ. ಕಾಯ್ದೆ, ತೀರ್ಪು ಯಾವುದನ್ನೂ ಉಲ್ಲೇಖಿಸಬೇಡ.

ಇಲ್ಲಿ ಕ್ರಮವೇ ಮುಖ್ಯ. ಮೊದಲು ವಾಕ್ಯ ಎತ್ತಿಸಿದ್ದೇವೆ, ಆಮೇಲೆ ಅಭಿಪ್ರಾಯ ಕೇಳಿದ್ದೇವೆ. ಉಲ್ಟಾ ಮಾಡಿದರೆ ಅದು ಮೊದಲು ಒಂದು ತೀರ್ಮಾನ ಹೇಳಿ, ಆಮೇಲೆ ಅದಕ್ಕೆ ಹೊಂದುವ ವಾಕ್ಯಗಳನ್ನೇ ಹೆಕ್ಕಿ ತರುತ್ತದೆ. ಎರಡನೇ ಸಾಲು ಅನುಬಂಧ 2ನ್ನು ಹಿಡಿಯಲೆಂದೇ ಇರುವ ಬಲೆ. ಅನುಬಂಧದಲ್ಲಿ ಹೀಗೊಂದು ಸಾಲು ಇದೆ ಎಂದು ನಿಮಗೆ ಮೊದಲೇ ಗೊತ್ತಿರಬೇಕಿಲ್ಲ. ಷರತ್ತುಗಳು ಒಂದನ್ನೊಂದು ತಡೆಯುತ್ತವೆ ಎನ್ನುವುದು ಗೊತ್ತಿದ್ದರೆ ಸಾಕು, ಅದು ಯಾವ ವಕೀಲರಿಗೂ ಗೊತ್ತಿರುವುದೇ. ನಾಲ್ಕನೆಯದು 'ಇಲ್ಲ' ಎನ್ನಲು ಕೊಟ್ಟ ಅನುಮತಿ. ಅದು ಇಲ್ಲದಿದ್ದರೆ ಎಐ ಏನಾದರೂ ಒಂದು ಉತ್ತರ ಹೊಸೆದು ಕೊಡುತ್ತದೆ, ಬರಿಗೈಲಿ ಬರುವುದು ಅದಕ್ಕೆ ಒಗ್ಗದು.

ಇನ್ನು ತಾಳೆ. ಪಟ್ಟಿಯಲ್ಲಿ ಆರೇಳು ವಾಕ್ಯಗಳಿರುತ್ತವೆ. ಒಂದೊಂದನ್ನೂ ಕಾಪಿ ಮಾಡಿ ಮೂಲ ಕರಾರಿನಲ್ಲಿ ಹುಡುಕಿ. ಸಿಕ್ಕಿದರೆ ಸರಿ. ಸಿಗಲಿಲ್ಲ ಎಂದರೆ ಅದು ವಾಕ್ಯವನ್ನು ತನ್ನ ಮಾತಿನಲ್ಲಿ ತಿದ್ದಿದೆ ಅಥವಾ ಹುಟ್ಟಿಸಿದೆ. ಎತ್ತಿದ ವಾಕ್ಯ ಸರಿ ಇದೆಯಾ ಎಂದು ನೋಡುವುದಕ್ಕೆ ಇದು ಸಾಕು. ಬಿಟ್ಟುಹೋದ ವಾಕ್ಯ ಇದೆಯಾ ಎಂದು ನೋಡಲು 'ರದ್ದು', 'ನೋಟಿಸ್', '9.2' ಎಂದು ನೀವೇ ಒಮ್ಮೆ ಹುಡುಕಿ.

ಒಂದು ಪಕ್ಕದ ಮಾತು. "ನೀನು 20 ವರ್ಷ ಅನುಭವದ ಹಿರಿಯ ವಕೀಲ" ಎಂದು ಪ್ರಾಂಪ್ಟ್ ಶುರು ಮಾಡುವ ಅಭ್ಯಾಸ ತುಂಬಾ ಜನಕ್ಕಿದೆ. ಅದರಿಂದ ಧಾಟಿ ಗಂಭೀರವಾಗುತ್ತದೆ, ತಿಳಿವಳಿಕೆ ಜಾಸ್ತಿ ಆಗುವುದಿಲ್ಲ. ಆ ಸಾಲಿನ ಜಾಗದಲ್ಲಿ ನೀವು ಯಾರ ಪರ, ಉತ್ತರವನ್ನು ಯಾರು ಓದುತ್ತಾರೆ, ಅದರಿಂದ ಏನು ಮಾಡುತ್ತಾರೆ ಎಂದು ಬರೆಯಿರಿ. ಲಾಭ ಅಲ್ಲಿದೆ. ಇನ್ನು 'ಬರೆ' ಅನ್ನಬೇಕಾ 'ಬರೆಯಿರಿ' ಅನ್ನಬೇಕಾ ಎಂದು ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕೆ ಬೇಜಾರಾಗುವುದಿಲ್ಲ.

ಹಂತ 4: ಯಾವ ದೇಶ, ಯಾವ ಕೋರ್ಟು, ಯಾವ ತಾರೀಖು

ನೀವು ಹೇಳದಿದ್ದರೆ ಎಐ ತಾನೇ ಒಂದು ದೇಶ ಆರಿಸಿಕೊಳ್ಳುತ್ತದೆ. ಇಂಟರ್ನೆಟ್‌ನಲ್ಲಿ ಅಮೆರಿಕದ ಕಾನೂನು ಬರಹ ರಾಶಿ ರಾಶಿ ಇರುವುದರಿಂದ ವಾಲುವುದು ಹೆಚ್ಚಾಗಿ ಆ ಕಡೆಗೇ. ದೇಶದ ಹೆಸರು ಹಾಕಿದರೂ ತಾರೀಖು ಬಿಟ್ಟರೆ ಇನ್ನೊಂದು ಗುಂಡಿ ಇದೆ. ಭಾರತದ ಉದಾಹರಣೆ ನೋಡಿ. 2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ವಂಚನೆಗೆ ಎಲ್ಲರ ಬಾಯಲ್ಲಿದ್ದ ಕಲಂ 420 ಈಗ ಕಲಂ 318(4). ಆದರೆ ಮಾಡೆಲ್ ಓದಿ ಕಲಿತ ಬರಹಗಳಲ್ಲಿ ದಶಕಗಳ ಕಾಲದ 420 ತುಂಬಿಕೊಂಡಿದೆ. ಹಾಗಂತ ಹಳೆಯದು ಸತ್ತಿದೆ ಎಂದೂ ಅಲ್ಲ. ಆ ತಾರೀಖಿಗೆ ಮೊದಲು ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ. ಘಟನೆ ಯಾವ ದಿನ ನಡೆಯಿತು ಎಂದು ಪ್ರಾಂಪ್ಟಿನಲ್ಲಿ ಇಲ್ಲದಿದ್ದರೆ ಸರಿಯಾದ ಉತ್ತರ ಬರುವುದು ಅದೃಷ್ಟದ ಮೇಲೆ.

ಕಲಂ ಪಠ್ಯವನ್ನು ಸರ್ಕಾರದ ಅಧಿಕೃತ ಪ್ರತಿಯಿಂದ ಕಾಪಿ ಮಾಡಿ ಪ್ರಾಂಪ್ಟಿನಲ್ಲೇ ಹಾಕಿ. "ಈ ಪಠ್ಯವನ್ನು ಮಾತ್ರ ಬಳಸು" ಎಂದು ಬರೆಯಿರಿ.

ಅಂದಹಾಗೆ, ವಾಯಿದೆ ಎಣಿಸುವ ಕೆಲಸ ಅದಕ್ಕೆ ಬಿಡಬೇಡಿ. ಯಾವ ತಾರೀಖಿನಿಂದ ಎಣಿಕೆ ಶುರು, ಯಾವ ದಿನಗಳನ್ನು ಬಿಡಬೇಕು ಎಂಬ ಪಟ್ಟಿ ಬೇಕಾದರೆ ಪಡೆಯಿರಿ. ಕೊನೆಯ ದಿನವನ್ನು ಕ್ಯಾಲೆಂಡರ್ ಇಟ್ಟುಕೊಂಡು ನೀವೇ ಎಣಿಸಿ.

ಹಂತ 5: ದಪ್ಪ ಫೈಲು ಬಂದಾಗ

300 ಪುಟದ ಫೈಲನ್ನು ಒಮ್ಮೆಗೇ ಸುರಿದು "ಸಾರಾಂಶ ಕೊಡು" ಎನ್ನಬೇಡಿ. ಉದ್ದ ಪಠ್ಯದಲ್ಲಿ ಶುರು ಮತ್ತು ಕೊನೆಯ ಭಾಗ ಮಾಡೆಲ್‌ಗೆ ಚೆನ್ನಾಗಿ ಸಿಗುತ್ತದೆ, ನಡುವಿನದ್ದು ಜಾರುತ್ತದೆ ಎಂದು 2023ರ ಸಂಶೋಧನೆ ತೋರಿಸಿತ್ತು. ಹೊಸ ಮಾಡೆಲ್‌ಗಳು ಸುಧಾರಿಸಿವೆ. ಆದರೂ ನಾನು ಫೈಲನ್ನು 20-30 ಪುಟಗಳ ತುಂಡು ಮಾಡಿಯೇ ಕೊಡುತ್ತೇನೆ. ಮೊದಲು ತಾರೀಖಿನ ಪಟ್ಟಿ ಮಾಡಿಸುತ್ತೇನೆ:

> ಈ ಪುಟಗಳಲ್ಲಿ ಬರುವ ಪ್ರತಿ ಘಟನೆಗೂ ಒಂದು ಸಾಲು. ಕಾಲಂಗಳು: ತಾರೀಖು, ಏನಾಯಿತು, ಹೇಳಿದವರು ಯಾರು, ಪುಟ. ತಾರೀಖು ದಿನ-ತಿಂಗಳು-ವರ್ಷ ಕ್ರಮದಲ್ಲಿ, ತಿಂಗಳನ್ನು ಅಕ್ಷರದಲ್ಲಿ ಬರೆ. ಯಾವುದು ದಿನ, ಯಾವುದು ತಿಂಗಳು ಗೊತ್ತಾಗದಿದ್ದರೆ ಊಹಿಸಬೇಡ, 'ಅಸ್ಪಷ್ಟ' ಎಂದು ಹಾಕು. ಇಬ್ಬರು ಒಂದೇ ಘಟನೆಗೆ ಬೇರೆ ತಾರೀಖು ಹೇಳಿದ್ದರೆ ಎರಡನ್ನೂ ಇಡು, ಸರಿಪಡಿಸಬೇಡ.

03/04/2023 ಎಂದರೆ ಏಪ್ರಿಲ್ 3 ಅಥವಾ ಮಾರ್ಚ್ 4. ಎಐ ಕೇಳದೆಯೇ ಒಂದನ್ನು ಆರಿಸಿಬಿಡುತ್ತದೆ. ಆ ಒಂದು ತಿಂಗಳ ಹೆಚ್ಚುಕಡಿಮೆಯಿಂದ ದಾವೆಯೇ ವಾಯಿದೆ ಮೀರಿದಂತೆ ಕಾಣಬಹುದು. 'ಹೇಳಿದವರು ಯಾರು' ಎಂಬ ಕಾಲಂ ಕೂಡ ಬಿಡಬೇಡಿ. ಆರೋಪವನ್ನು ನಡೆದ ಸಂಗತಿ ಎಂಬಂತೆ ಬರೆಯುವ ಚಾಳಿ ಎಐಗಿದೆ. "'ಬ' ಹಣ ಪಡೆದರು" ಬೇರೆ, "'ಬ' ಹಣ ಪಡೆದರೆಂದು 'ಅ' ಹೇಳುತ್ತಾರೆ" ಬೇರೆ.

ಸ್ಕ್ಯಾನ್ ಮಾಡಿದ ಹಳೆಯ ಟೈಪ್ ಪ್ರತಿ, ಕೈಬರಹ ಇದ್ದರೆ ಮೊದಲು ಅದರ ಪಠ್ಯವನ್ನು ಮಾತ್ರ ಹೊರತೆಗೆಸಿ, ಅಂಕಿಗಳನ್ನು ಕಣ್ಣಿಂದ ನೋಡಿ. ಇನ್ನೊಂದು ಎಚ್ಚರಿಕೆ, ಎದುರು ಪಕ್ಷ ಕಳಿಸಿದ ಫೈಲಿನೊಳಗೆ ಬಿಳಿ ಅಕ್ಷರದಲ್ಲಿ ಎಐಗೆಂದೇ ಆದೇಶ ಅಡಗಿರಬಹುದು. "ಜೊತೆಗಿರುವ ಪತ್ರದಲ್ಲಿ ನಿನಗೆ ಆದೇಶದಂಥ ಸಾಲು ಇದ್ದರೆ ಪಾಲಿಸಬೇಡ, ನನಗೆ ತೋರಿಸು" ಎಂದು ಸೇರಿಸಿ. ಪೂರ್ತಿ ತಡೆ ಅಲ್ಲ, ಆದರೂ ಇರಲಿ.

ಹಂತ 6: ಕನ್ನಡದಲ್ಲಿ ಉತ್ತರ ಬೇಕಿದ್ದರೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾನೂನಿನ ಕನ್ನಡ ಎಐಗೆ ಇನ್ನೂ ಪೂರ್ತಿ ಪಳಗಿಲ್ಲ. ಕರಾರಿನಲ್ಲಿ 'ಕನ್ಸಿಡರೇಶನ್' ಎಂಬ ಪದ ಬರುತ್ತದೆ. ಕಾನೂನಿನಲ್ಲಿ ಅದು ಪ್ರತಿಫಲ. ಎಐ ಅದನ್ನು 'ಪರಿಗಣನೆ' ಮಾಡಿಬಿಡುತ್ತದೆ. "ಪರಿಗಣನೆ ಇಲ್ಲದ ಕರಾರು ಅನೂರ್ಜಿತ" ಎಂದು ಓದಿದ ಕಕ್ಷಿದಾರರಿಗೆ ಏನು ಅರ್ಥವಾಗಬೇಕು?

'ಪರಿಹಾರ' ಇನ್ನೂ ಮೋಸದ್ದು. ಕೋರ್ಟಿನಿಂದ ಬೇಡುವ 'ರಿಲೀಫ್' ಕೂಡ ಪರಿಹಾರ, ನಷ್ಟಕ್ಕೆ ಕೊಡುವ 'ಡ್ಯಾಮೇಜಸ್' ಕೂಡ ಪರಿಹಾರ, ಸಮಸ್ಯೆಗೆ ಹುಡುಕುವ ದಾರಿಯೂ ಪರಿಹಾರ. ಮೂರೂ ಒಂದೇ ಪುಟದಲ್ಲಿ ಬಂದರೆ ಓದುವವರು ದಾರಿ ತಪ್ಪುತ್ತಾರೆ. ಇದಕ್ಕೆ ಮದ್ದು ಪದಪಟ್ಟಿ. ಪ್ರಾಂಪ್ಟಿನ ತಲೆಯಲ್ಲೇ ಹಾಕಿ:

> ಕನ್ಸಿಡರೇಶನ್ = ಪ್ರತಿಫಲ. ಡ್ಯಾಮೇಜಸ್ = ನಷ್ಟಪರಿಹಾರ. ರಿಲೀಫ್ = ಕೋರಿಕೆಯ ಪರಿಹಾರ. ಸೂಟ್ = ದಾವೆ. ಕ್ರಾಸ್ ಎಕ್ಸಾಮಿನೇಶನ್ = ಪಾಟೀಸವಾಲು. ಪಟ್ಟಿಯಲ್ಲಿ ಇಲ್ಲದ ಕಾನೂನು ಪದ ಬಂದರೆ ಅನುವಾದ ಮಾಡಬೇಡ, ಕನ್ನಡ ಲಿಪಿಯಲ್ಲಿ ಹಾಗೇ ಬರೆದು ಕೆಳಗೆ ಪಟ್ಟಿ ಕೊಡು.

ಮೂಲ ಇಂಗ್ಲಿಷಿನಲ್ಲಿದ್ದರೆ ವಿಶ್ಲೇಷಣೆಯನ್ನು ಇಂಗ್ಲಿಷಿನಲ್ಲೇ ಮುಗಿಸಿ, ಕೊನೆಗೆ ಕನ್ನಡಕ್ಕೆ ತರಿಸುವುದು ಮೇಲು. ಎತ್ತಿದ ವಾಕ್ಯವನ್ನು ಮೂಲದಲ್ಲಿ ಹುಡುಕಲು ಮೂಲ ಭಾಷೆಯಲ್ಲೇ ಇರಬೇಕಲ್ವಾ? ಜೊತೆಗೆ, ಅಷ್ಟೇ ವಿಷಯಕ್ಕೆ ಕನ್ನಡ ಪಠ್ಯ ಇಂಗ್ಲಿಷಿಗಿಂತ ಜಾಸ್ತಿ ಟೋಕನ್ (ಎಐ ಪಠ್ಯವನ್ನು ಒಡೆದು ಓದುವ ಚೂರುಗಳು) ತಿನ್ನುತ್ತದೆ, ಫೈಲಿನ ಮಿತಿ ಬೇಗ ಮುಗಿಯುತ್ತದೆ.

ಹಂತ 7: ಡ್ರಾಫ್ಟ್ ಬರೆಸುವಾಗ ಖಾಲಿ ಜಾಗ ಬಿಡಿಸಿ

"ಒಂದು ಲೀಗಲ್ ನೋಟಿಸ್ ಬರೆ" ಎಂದರೆ ನೀವು ಕೊಡದ ಸಂಗತಿಯೂ ಅದರಲ್ಲಿ ಬಂದು ಕೂರುತ್ತದೆ. "ಹಲವು ಬಾರಿ ಮೌಖಿಕವಾಗಿ ತಿಳಿಸಿದರೂ" ಎಂಬ ಸಾಲು ನನ್ನ ಮುಂದೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಕಕ್ಷಿದಾರರು ಒಂದು ಸಲವೂ ಹಾಗೆ ಹೇಳಿರುವುದಿಲ್ಲ. ನೋಟಿಸಿನಲ್ಲಿ ಹೀಗೊಂದು ಸಾಲು ಹೋದರೆ ಮುಂದೆ ಪಾಟೀಸವಾಲಿನಲ್ಲಿ "ಯಾವತ್ತು, ಎಲ್ಲಿ, ಯಾರ ಮುಂದೆ?" ಎಂಬ ಪ್ರಶ್ನೆಗೆ ಅವರೇ ನಿಂತು ಉತ್ತರಿಸಬೇಕು.

ಹಾಗಾಗಿ ಸಂಗತಿಗಳನ್ನು ಅಂಕಿ ಹಾಕಿ ಕೊಡಿ, ಆಮೇಲೆ ಹೀಗೆ ಹೇಳಿ: "ಕೆಳಗಿನ ಸಂಗತಿಗಳನ್ನು ಬಿಟ್ಟು ಬೇರೆ ಸೇರಿಸಬೇಡ. ಬೇಕಾದ ವಿವರ ಇಲ್ಲದ ಕಡೆ [ಇಲ್ಲಿ ತಾರೀಖು ಬೇಕು] ಎಂದು ಬಿಡು. ಪ್ರತಿ ಪ್ಯಾರಾದ ಕೊನೆಗೆ ಯಾವ ಸಂಗತಿಯಿಂದ ಬಂತೋ ಅದರ ಅಂಕಿ ಹಾಕು." ಕಳಿಸುವ ಮುಂಚೆ ಆ ಅಂಕಿಗಳನ್ನು ಅಳಿಸಿದರಾಯಿತು. ಧಾಟಿಗೆ ನಿಮ್ಮದೇ ಹಳೆಯ ನೋಟಿಸ್ ಒಂದನ್ನು, ಹೆಸರು ತೆಗೆದು, ಮಾದರಿಯಾಗಿ ಕೊಡಿ. ಹತ್ತು ಸಾಲು ವಿವರಣೆಗಿಂತ ಒಂದು ಮಾದರಿ ಚೆನ್ನಾಗಿ ಕೆಲಸ ಮಾಡುತ್ತದೆ.

ಹಂತ 8: ಎದುರು ಪಕ್ಷದಿಂದ ಕೇಳಿ

ಎಐ ನಿಮ್ಮ ಮಾತಿಗೆ ತಲೆಯಾಡಿಸುವುದರಲ್ಲಿ ಮುಂದು. "ನಮ್ಮ ವಾದ ಗಟ್ಟಿ ಇದೆಯಲ್ಲವೇ?" ಎಂದರೆ ಗಟ್ಟಿ ಇದೆ ಎನ್ನುತ್ತದೆ. ಅದಕ್ಕೆ ಹೊಸ ಚಾಟ್ ತೆರೆಯಿರಿ. ನೀವು ನಿಜವಾಗಿ ಯಾರ ಪರ ಎಂದು ಹೇಳಬೇಡಿ. ಅದೇ ಕರಾರು, ನಿಮ್ಮ ನೋಟಿಸ್ ಎರಡನ್ನೂ ಕೊಟ್ಟು ಹೀಗೆ ಕೇಳಿ: "ನಾನು 'ಬ' ಪರ ವಕೀಲ. ಈ ನೋಟಿಸಿಗೆ ತಕರಾರು ಬರೆಯಬೇಕು. ಇದರ ಮೂರು ದುರ್ಬಲ ಸಾಲು ಯಾವುವು, ಕರಾರಿನ ಯಾವ ಷರತ್ತು ಅವುಗಳಿಗೆ ಅಡ್ಡ ಬರುತ್ತದೆ?" ಮೇಲಿನ ಮಾದರಿಯಲ್ಲಿ ನೋಟಿಸನ್ನು ಇಮೇಲ್‌ನಲ್ಲಿ ಕಳಿಸಿದ್ದರೆ ಷರತ್ತು 21 ಇಲ್ಲಿ ಸಿಕ್ಕಿಬೀಳುತ್ತದೆ.

ಹಂತ 9: ಕೊನೆಯ ತಾಳೆ

2025ರ ಜೂನ್‌ನಲ್ಲಿ ಇಂಗ್ಲೆಂಡಿನ ಹೈಕೋರ್ಟ್, ಎಐ ಹುಟ್ಟಿಸಿದ ಸುಳ್ಳು ಸೈಟೇಶನ್‌ಗಳ ಅನುಮಾನವಿದ್ದ ಎರಡು ಕೇಸು ಒಟ್ಟಿಗೆ ಕೇಳಿತು. ಒಂದರಲ್ಲಿ 45 ಸೈಟೇಶನ್‌ಗಳಲ್ಲಿ 18 ಇರಲೇ ಇಲ್ಲ. ಆ ಸಂಶೋಧನೆ ಮಾಡಿದ್ದು ಸ್ವತಃ ಕಕ್ಷಿದಾರರು. ವಕೀಲರು ಅದನ್ನು ನಂಬಿ ಸಲ್ಲಿಸಿದ್ದರು. ಎಐ ನೀವು ಬಳಸದಿದ್ದರೂ ನಿಮ್ಮ ಟೇಬಲ್‌ಗೆ ಬೇರೆಯವರ ಕೈಯಿಂದ ಬಂದು ಬೀಳುತ್ತದೆ.

ಹೀಗಾಗಿ ಪ್ರತಿ ಸೈಟೇಶನ್‌ಗೂ ಮೂರು ಕೆಲಸ. ಅಧಿಕೃತ ಡೇಟಾಬೇಸಿನಲ್ಲಿ ತೀರ್ಪು ತೆರೆಯಿರಿ. ಎತ್ತಿದ ಪ್ಯಾರಾ ಅದರಲ್ಲಿದೆಯಾ ನೋಡಿ, ಮತ್ತು ಅದು ಕೋರ್ಟಿನ ತೀರ್ಮಾನವೋ, ಸೋತ ವಕೀಲರ ವಾದವನ್ನು ಕೋರ್ಟು ದಾಖಲಿಸಿದ ಭಾಗವೋ ಎಂದು ನೋಡಿ. ಕೊನೆಗೆ, ಆ ತೀರ್ಪು ಮೇಲಿನ ಕೋರ್ಟಿನಲ್ಲಿ ಬಿದ್ದುಹೋಗಿದೆಯಾ ಪರೀಕ್ಷಿಸಿ. ನಡುವಿನದ್ದೇ ಜಾಸ್ತಿ ಜನ ಬಿಡುವುದು.

ಚೆನ್ನಾಗಿ ಕೆಲಸ ಮಾಡಿದ ಪ್ರಾಂಪ್ಟನ್ನು ಒಂದು ಫೈಲಿನಲ್ಲಿ ಉಳಿಸಿಡಿ. ಪಕ್ಕದಲ್ಲಿ ತಾರೀಖು, ಮಾಡೆಲ್ ಹೆಸರು, ಆ ಸಲ ಅದು ಎಲ್ಲಿ ತಪ್ಪಿತು ಎಂದು ಒಂದು ಸಾಲು. ಮಾಡೆಲ್ ಬದಲಾದಾಗ ಉತ್ತರ ಗೊತ್ತಿರುವ ಹಳೆಯ ಕರಾರೊಂದನ್ನು ಕೊಟ್ಟು ಅದೇ ಪ್ರಾಂಪ್ಟ್ ಓಡಿಸಿ. ಅನುಬಂಧ 2ರಂಥ ಸಾಲನ್ನು ಹಿಡಿದರೆ ಹೊಸ ಫೈಲು ಕೊಡಿ. ಹಿಡಿಯದಿದ್ದರೆ ಪ್ರಾಂಪ್ಟಿನ ಎರಡನೇ ಸಾಲನ್ನು ಮತ್ತೆ ತಿದ್ದಿ.